ಹೆರಾಯಿನ್ ಬಿಟ್ಟ ತಮ್ಮನಿಗೆ ಡಾಕ್ಟರ್ ಬ್ಯುಪ್ರೆನಾರ್ಫಿನ್ ಕೊಟ್ಟಿದ್ದಾರೆ. ಇದು ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂತೆ ಅಲ್ವಾ?

ಖಂಡಿತ ಅಲ್ಲ. ಆದರೆ ಮನೆಯವರಿಗೆ ಈ ಅನುಮಾನ ಬರುವುದು ಸಹಜ.

ಹೆರಾಯಿನ್ ಮೆದುಳಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತದೋ, ಬ್ಯುಪ್ರೆನಾರ್ಫಿನ್ ಕೂಡ ಅಲ್ಲೇ ಹೋಗಿ ಕೂರುತ್ತದೆ. ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ಕೆಲಸ ಮಾಡುವುದು ಅರ್ಧಂಬರ್ಧ. ಹಾಗಾಗಿ ಮೈಕೈ ನೋವು, ಬೆವರು, ರಾತ್ರಿಯ ಚಡಪಡಿಕೆ, ಮತ್ತೆ ಬೇಕೆನ್ನುವ ಸೆಳೆತ ಎಲ್ಲ ಇಳಿಯುತ್ತದೆ. ಸರಿಯಾದ ಡೋಸ್‌ನಲ್ಲಿ ಅಮಲು ಏರುವುದಿಲ್ಲ. ಮಾತ್ರೆಯನ್ನು ನುಂಗಬಾರದು. ನಾಲಿಗೆಯ ಕೆಳಗಿಟ್ಟು ಪೂರ್ತಿ ಕರಗಲು ಬಿಡಬೇಕು, ಅಲ್ಲಿಯವರೆಗೆ ನೀರೂ ಬೇಡ. ಇದರ ಜೊತೆ ಹೆಂಡ, ನಿದ್ದೆ ಮಾತ್ರೆ ಸೇರಿದರೆ ಉಸಿರಾಟಕ್ಕೇ ಅಪಾಯ.

ಇದೇ ಚಟಕ್ಕೆ ಕೊಡುವ ಇನ್ನೊಂದು ಔಷಧಿ ನಾಲ್ಟ್ರೆಕ್ಸೋನ್ ಬೇರೆ ಥರ. ಅದು ಆ ಜಾಗವನ್ನೇ ಮುಚ್ಚಿಬಿಡುತ್ತದೆ. ಶುರು ಮಾಡುವ ಮುಂಚೆ ಸಾಮಾನ್ಯವಾಗಿ 7ರಿಂದ 10 ದಿನ ಹೆರಾಯಿನ್ ಮುಟ್ಟಿರಬಾರದು.

ನನಗೆ ಜಾಸ್ತಿ ಭಯ ಆಗುವುದು, "ಈಗ ಸರಿಹೋಗಿದ್ದಾನಲ್ಲ, ಸಾಕು ಬಿಡು" ಎಂದು ಮನೆಯವರೇ ಮಾತ್ರೆ ನಿಲ್ಲಿಸಿದಾಗ. ಚಟ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಸೆಳೆತ ಹೆಚ್ಚಾಗಿ ಮೊದಲಿನಷ್ಟೇ ಹೆರಾಯಿನ್ ತೆಗೆದುಕೊಂಡರೆ ಜೀವವೇ ಹೋಗಬಹುದು. ಎಷ್ಟೋ ಸಾವು ಆಗುವುದು ಹೀಗೇ.

ಎಷ್ಟು ದಿನ ತೆಗೆದುಕೊಳ್ಳಬೇಕು? ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕಡಿಮೆ ಮಾಡುವುದಾದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.