ಜೈಕಾರ ಹಿಂದಿಯಲ್ಲಿ, ಬೇಡಿಕೆ ಕನ್ನಡದಲ್ಲಿ

"ಕಲಬುರಗಿಯವರು ಕನ್ನಡದವರಲ್ವಾ, ಮೆರವಣಿಗೆಯಲ್ಲಿ ಯಾಕೆ ಹಿಂದಿ ಕೂಗ್ತೀರಿ?" ಅಂತ ಬೆಂಗಳೂರಿನಿಂದ ಕೇಳಿದ್ದೀರಿ. ನಿಂತು ಪೂರ್ತಿ ಕೇಳಿಸಿಕೊಳ್ಳಿ ರೀ, ಅದರಲ್ಲಿ ಒಂದು ಲೆಕ್ಕ ಇದೆ. ಯಾರನ್ನಾದರೂ ಹೊಗಳುವಾಗ ನಮ್ಮ ಬಾಯಿಗೆ ಬರುವುದು ಉರ್ದು, ಹಿಂದಿ. ಸರ್ಕಾರದಿಂದ ಏನಾದರೂ ಕೇಳುವಾಗ ಕನ್ನಡ.

ಲೀಡರ್ ಕಾರಿನಿಂದ ಇಳಿದರೆ ಸಾಕು, ಒಬ್ಬ "ದೇಖೋ ದೇಖೋ ಕೌನ್ ಆಯಾ" ಅಂತಾನೆ, ಉಳಿದವರು "ಶೇರ್ ಆಯಾ, ಶೇರ್ ಆಯಾ". ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಗೆ, ನಮ್ಮೂರ ಜಗತ್ ವೃತ್ತದ ಕಡೆ ಬನ್ನಿ. "ಜಬ್ ತಕ್ ಸೂರಜ್ ಚಾಂದ್ ರಹೇಗಾ, ಬಾಬಾ ತೇರಾ ನಾಮ್ ರಹೇಗಾ" ಅಂತ ಗಂಟಲು ಹರಿಯುವಂತೆ ಕೂಗುವವರಲ್ಲಿ ಮನೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ಕೈಕೆಳಗೆ ಇದ್ದವರು. ಕಚೇರಿಯ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದರೂ ನಾಲಿಗೆಯ ರೂಢಿ ಹೋಗಲಿಲ್ಲ.

ಬೀದರ್‌ನ ಔರಾದ್, ಭಾಲ್ಕಿ ಕಡೆ ಮರಾಠಿಯೂ ಸೇರುತ್ತದೆ. "ಕೋಣ್ ಮ್ಹಣತೋ ದೇಣಾರ್ ನಾಹೀ, ಘೇತಲ್ಯಾಶಿವಾಯ್ ರಾಹಣಾರ್ ನಾಹೀ." ಕೊಡಲ್ಲ ಅನ್ನೋರು ಯಾರು, ತಗೊಳ್ಳದೆ ಬಿಡೋರಲ್ಲ ನಾವು ಅಂತ. ಇದು ಬೇಡಿಕೆಯೇ, ನನ್ನ ಲೆಕ್ಕಕ್ಕೆ ಸಿಗದ್ದು. ಇರಲಿ.

ಡಿ.ಸಿ. ಆಫೀಸ್ ಮುಂದೆ ಬಂದಾಗ ಮಾತ್ರ ಕನ್ನಡ ಗಟ್ಟಿಯಾಗುತ್ತದೆ. ತೊಗರಿ ಬೆಲೆ ಬಿದ್ದಾಗ "ಬೇಕೇ ಬೇಕು, ನ್ಯಾಯ ಬೇಕು" ಅಂತಲೇ ಕೂಗುತ್ತಾರೆ. ಯಾಕಂದ್ರೆ ಮನವಿ ಪತ್ರ ಕನ್ನಡದಲ್ಲಿರುತ್ತದೆ. ಅದನ್ನು ತಗೊಳ್ಳುವ ಸಾಹೇಬರಿಗೆ, ಬರೆದುಕೊಳ್ಳುವ ಪೇಪರಿನವರಿಗೆ ಅರ್ಥ ಆಗಬೇಕಲ್ಲ.

ಚುನಾವಣೆಯ ಕೂಗಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. 1971ರ "ಗರೀಬಿ ಹಟಾವೋ" ದೆಹಲಿಯಿಂದ ಬಂತು, ಈಗಿನವೂ ಹಾಗೇ ಮೇಲಿನಿಂದ ಇಳಿದು ಆಟೋ ಮೈಕಿಗೆ ಬರುತ್ತವೆ. ದಿನಗೂಲಿ ಕೊಟ್ಟು ಕರೆತಂದ ಜನರ ದನಿ ಸಪ್ಪಗೆ. ಒಂದೇ ಮಾತನ್ನು ಮೂರು ಸಲ ಕೂಗಿಸಬೇಕು.

ನನಗೆ ಬಹಳ ಇಷ್ಟವಾದದ್ದು ಪ್ರಾಸವೇ ಇಲ್ಲದ ಘೋಷಣೆ: 371. ಅದು ಸಂವಿಧಾನದ ಒಂದು ಕಲಂ. ಆಂಧ್ರಕ್ಕೆ 1973ರ ತಿದ್ದುಪಡಿಯಲ್ಲಿ 371(ಡಿ) ಸಿಕ್ಕಿತ್ತು, ಓದಿನಲ್ಲಿ, ನೌಕರಿಯಲ್ಲಿ ಸ್ಥಳೀಯರಿಗೆ ಅವಕಾಶ ಕೊಡುವಂಥದ್ದು. ಅಂಥದ್ದೇ ನಮಗೂ ಬೇಕು ಅಂತ ಇಲ್ಲಿನ ಹೋರಾಟಗಾರ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬಡಿದಾಡಿದರು. ಸಂವಿಧಾನ ತೆರೆದೇ ನೋಡದವರೂ ಚಹಾದಂಗಡಿಯಲ್ಲಿ ಆ ನಂಬರ್ ಹೇಳುತ್ತಿದ್ದರು. ಸುಮ್ನೆ "ಅಭಿವೃದ್ಧಿ ಬೇಕು" ಅಂದಿದ್ದರೆ ಎರಡು ರಸ್ತೆ ಮಾಡಿಸಿ, "ಇಗೋ ಅಭಿವೃದ್ಧಿ" ಅಂತ ಕೈ ತೊಳೆದುಕೊಳ್ಳುತ್ತಿದ್ದರು. ಕಲಂ ನಂಬರ್ ಹಿಡಿದು ಕೇಳುವವರಿಗೆ ಹಾಗೆ ತಪ್ಪಿಸಿಕೊಳ್ಳಲು ಆಗಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಓದಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಇಲ್ಲಿಯವರಿಗೆ ಮೀಸಲು, ಬೇರೆಯದೇ ಅಭಿವೃದ್ಧಿ ಮಂಡಳಿ.

2019ರಲ್ಲಿ ನಮ್ಮ ಭಾಗದ ಹೆಸರು ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಚೆಂದವೇ, ಬಸವಣ್ಣನವರ ಕಲ್ಯಾಣ ನೆನಪಾಗುತ್ತದೆ. ಆದರೆ ನೌಕರಿಗಾಗಿ ಬೀದಿಗಿಳಿಯುವ ಹುಡುಗರಿಗೆ ಇವತ್ತಿಗೂ ಕೆಲಸಕ್ಕೆ ಬರುವುದು ಆ ನಂಬರ್ರೇ. ಅದರ ಮುಂದೆ ಈಗ ಇನ್ನೊಂದು ಮಾತು ಸೇರಿದೆ: "ಖಾಲಿ ಹುದ್ದೆ ತುಂಬಿ."