ಸಂಬಳದ ಮಾತು ಆಮೇಲೆ, ಮೊದಲು ದಿನಗಳ ಲೆಕ್ಕ

ಪ್ರಶ್ನೆ: ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಫೆಬ್ರವರಿಯಿಂದ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಶನಿವಾರ ಅರ್ಧ ದಿನ ಬೇಕರಿಯಲ್ಲೂ ದುಡಿಯುತ್ತಾಳೆ. ಇಂಟರ್ನ್‌ಶಿಪ್ ಕಡ್ಡಾಯವೋ, ಸ್ವಂತ ಇಚ್ಛೆಯದೋ ಎಂದು ಕಂಪನಿಯವರು ಕೇಳಿದ್ದಾರೆ. ಕಡ್ಡಾಯವಾದರೆ ಸಂಬಳವಿಲ್ಲವಂತೆ. ದುಡಿಸಿಕೊಂಡು ಬರಿಗೈಯಲ್ಲಿ ಕಳುಹಿಸುವುದು ಯಾವ ನ್ಯಾಯ? ‘ಸ್ವಂತ ಇಚ್ಛೆ ಎಂದೇ ಬರೆದುಕೊಡು’ ಎಂದಿದ್ದೇನೆ. ಸರಿ ತಾನೆ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಸರಿಯಲ್ಲ ಸ್ವಾಮಿ. ಅದು ನಿಮ್ಮ ಮಗಳು ಬರೆದುಕೊಡುವ ಮಾತೇ ಅಲ್ಲ. ಕೋರ್ಸಿನ ಪರೀಕ್ಷಾ ನಿಯಮಾವಳಿಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು ಎಂದಿದ್ದರೆ ಅದು ಕಡ್ಡಾಯ. ಜರ್ಮನರು ಪ್ಫ್ಲಿಖ್ಟ್‌ಪ್ರಾಕ್ಟಿಕುಮ್ ಎನ್ನುತ್ತಾರೆ. ಇಲ್ಲದಿದ್ದರೆ ಸ್ವಂತ ಇಚ್ಛೆಯದು. ನಿಯಮಾವಳಿ ಮೂರು ತಿಂಗಳು ಕೇಳಿ, ಅವಳು ಆರು ತಿಂಗಳು ಮಾಡಿದರೆ ಮಿಕ್ಕ ಮೂರು ತಿಂಗಳು ಸ್ವಂತ ಇಚ್ಛೆಯ ಖಾತೆಗೆ ಹೋಗುತ್ತವೆ. ವಿಶ್ವವಿದ್ಯಾಲಯದಿಂದ ಒಂದು ಪತ್ರ ತಂದುಕೊಟ್ಟರೆ ಕಂಪನಿಯ ಪ್ರಶ್ನೆ ಮುಗಿಯುತ್ತದೆ.

ನಿಮ್ಮ ಕಣ್ಣು ಸಂಬಳದ ಮೇಲಿದೆ, ಅಪ್ಪನ ಕಣ್ಣು ಅಲ್ಲಿರುವುದು ಸಹಜ. ನಾನು ನೋಡುವುದು ದಿನಗಳನ್ನು. ಯುರೋಪ್ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿ ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ನಾನು ಡಾರ್ಮ್‌ಸ್ಟಾಟ್‌ನಲ್ಲಿ ಓದುವಾಗ ಈ ಮಿತಿ 90 ದಿನ. 2012ರಲ್ಲಿ 120 ಆಯಿತು, 2024ರ ಮಾರ್ಚ್‌ನಲ್ಲಿ 140ಕ್ಕೆ ಏರಿತು. ಕಡ್ಡಾಯ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಸ್ವಂತ ಇಚ್ಛೆಯದು ಸೇರುತ್ತದೆ, ಬಿಡಿಗಾಸು ಸಿಗದಿದ್ದರೂ ಸೇರುತ್ತದೆ.

ಈಗ ಕೂಡಿಸಿ ನೋಡಿ. ಆರು ತಿಂಗಳೆಂದರೆ ಹೆಚ್ಚುಕಡಿಮೆ 130 ಕೆಲಸದ ದಿನ. ಅಷ್ಟೇ ಅವಧಿಯ ಶನಿವಾರಗಳು 26, ಅಂದರೆ 13 ಪೂರ್ಣ ದಿನ. ಒಟ್ಟು 143. ರಜೆಗಳನ್ನು ಕಳೆದು ಹೇಗೋ ಮಿತಿಯೊಳಗೆ ತೂರಿಸಿದರೂ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬೇಕರಿಯ ಬಾಗಿಲು ಮುಚ್ಚಿದಂತೆಯೇ. ಮಿತಿ ದಾಟಬೇಕೆಂದರೆ ವಿದೇಶಿಯರ ಕಚೇರಿಯ ಅನುಮತಿ ಮೊದಲೇ ಬೇಕು. ವೀಸಾ ನವೀಕರಣದ ಹೊತ್ತಿನಲ್ಲಿ ‘ಗೊತ್ತಿರಲಿಲ್ಲ’ ಎಂದರೆ ಅಲ್ಲಿನ ಗುಮಾಸ್ತರು ಕರಗುವುದಿಲ್ಲ. ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುವ ಹಾಗೆ ಅವಳೂ ಪೂರ್ಣ ದಿನಕ್ಕೊಂದು, ಅರ್ಧ ದಿನಕ್ಕೊಂದು ಗುರುತು ಹಾಕಿಟ್ಟುಕೊಳ್ಳಲಿ. ನಾಲ್ಕು ಗಂಟೆಯವರೆಗೆ ಅರ್ಧ ದಿನ. ಅದನ್ನು ಮೀರಿದರೆ ಪೂರ್ಣ.

ಸಂಬಳದ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ಅರ್ಥವಿದೆ. ಸ್ವಂತ ಇಚ್ಛೆಯ ಇಂಟರ್ನ್‌ಶಿಪ್ ಮೂರು ತಿಂಗಳು ದಾಟುವುದಾದರೆ ಮೊದಲ ದಿನದಿಂದಲೇ ಕನಿಷ್ಠ ವೇತನ ಕೊಡಬೇಕು. 2026ರ ಜನವರಿಯಿಂದ ಅದು ಗಂಟೆಗೆ 13.90 ಯೂರೊ. ಕಡ್ಡಾಯದ್ದಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ. ಕಂಪನಿಗಳಿಗೆ ಕಡ್ಡಾಯದವರ ಮೇಲೆ ಯಾಕಷ್ಟು ಪ್ರೀತಿ ಎಂದು ಈಗ ತಿಳಿಯಿತಲ್ಲ! ಆದರೆ ಕೊಡಬಾರದು ಎಂದು ಕಾನೂನು ಹೇಳಿಲ್ಲ. ಎಷ್ಟೋ ಕಂಪನಿಗಳು ಕೊಡುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮಗಳು ಬಾಯಿಬಿಟ್ಟು ಕೇಳಲಿ. ನಮ್ಮ ಮಕ್ಕಳು ಕೇಳುವುದೇ ಇಲ್ಲ, ಸಿಕ್ಕಿದ್ದೇ ಪುಣ್ಯವೆಂದು ಸಹಿ ಹಾಕಿಬಿಡುತ್ತಾರೆ. ಕೇಳಿಯೂ ಸಿಗದಿದ್ದರೆ, ಕಡ್ಡಾಯವಾಗಿದ್ದ ಪಕ್ಷದಲ್ಲಿ ಬೇಕರಿಯ ಶನಿವಾರಗಳಂತೂ ಉಳಿಯುತ್ತವೆ.

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದೇನೆ. ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿ) ಬಳಸಿ ಇಂಟರ್ನ್‌ಶಿಪ್ ಮಾಡಿದರೆ ಪದವಿಯ ನಂತರ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, ತಪ್ಪಿಹೋಗುತ್ತದೆಯೇ? ಮನೆಯವರು ಹೆದರಿದ್ದಾರೆ.
– ಹುಬ್ಬಳ್ಳಿಯ ಹುಡುಗ

ಉತ್ತರ: ಪೂರ್ಣಾವಧಿ ಸಿಪಿಟಿ 12 ತಿಂಗಳು ತುಂಬಿದರೆ ಆ ಹಂತದ ಪದವಿಯ ಒಪಿಟಿ ಹೋಗುತ್ತದೆ. ಬೇಸಿಗೆಯ ಮೂರು ತಿಂಗಳಿಗೆ ಏನೂ ಆಗದು. ವಾರಕ್ಕೆ 20 ಗಂಟೆಯೊಳಗಿನ ಅರೆಕಾಲಿಕ ಸಿಪಿಟಿ ಈ ಲೆಕ್ಕಕ್ಕೇ ಇಲ್ಲ. ಹೆದರಬೇಕಾದದ್ದು ಬೇರೆ ಕಡೆ: ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ದಾಖಲೆಯಾದ ನಿಮ್ಮ ಐ-20ಯಲ್ಲಿ ಸಿಪಿಟಿ ಆರಂಭದ ದಿನ ನಮೂದಾಗಿರುತ್ತದೆ. ‘ತರಬೇತಿಗೆ ಎರಡು ದಿನ ಮುಂಚೆ ಬನ್ನಿ’ ಎಂದು ಕಂಪನಿಯವರು ಎಷ್ಟೇ ಪ್ರೀತಿಯಿಂದ ಕರೆದರೂ ಆ ದಿನಕ್ಕೆ ಮೊದಲು ಹೋಗಬೇಡಿ.