ಬೆಂಗಳೂರಿಗಿಂತ ದಾವಣಗೆರೆ, ಚಿತ್ರದುರ್ಗದಲ್ಲಿ ಪೆಟ್ರೋಲ್, ಡೀಸೆಲ್ ಯಾಕೆ ದುಬಾರಿ?

ಮುಖ್ಯ ಕಾರಣ ಸಾಗಣೆ ವೆಚ್ಚ, ಅದರ ಮೇಲೆ ಬೀಳುವ ತೆರಿಗೆ. ಬಂಕ್ ಮಾಲೀಕರು ತಮಗಿಷ್ಟ ಬಂದಂತೆ ದರ ಏರಿಸುವುದಿಲ್ಲ. ಅದನ್ನು ತೈಲ ಕಂಪನಿಗಳೇ ಗೊತ್ತುಮಾಡುತ್ತವೆ.

ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ದೇಶಕ್ಕೆಲ್ಲ ಒಂದೇ. ರಾಜ್ಯದ ಮಾರಾಟ ತೆರಿಗೆ ಹಾಗಲ್ಲ, ಅದು ಶೇಕಡಾವಾರು. ಪೆಟ್ರೋಲ್ ಮೇಲೆ ಶೇ 25.92 ಇದ್ದದ್ದು 2024ರ ಜೂನ್‌ನಲ್ಲಿ ಶೇ 29.84 ಆಯಿತು. ತೈಲ ಕಂಪನಿಯ ಡಿಪೋದಿಂದ (ಇಂಧನ ಸಂಗ್ರಹಿಸಿಡುವ ಜಾಗ) ದಾವಣಗೆರೆ, ಚಿತ್ರದುರ್ಗಕ್ಕೆ ಟ್ಯಾಂಕರ್ ಬಾಡಿಗೆ ಲೀಟರಿಗೆ 1 ರೂಪಾಯಿ ಹೆಚ್ಚು ಬಿತ್ತು ಎಂದಿಟ್ಟುಕೊಳ್ಳಿ. ತೆರಿಗೆ ಆ ಬಾಡಿಗೆಗೂ ಸೇರುವುದರಿಂದ ನಿಮ್ಮ ಜೇಬಿಗೆ ಬೀಳುವ ಹೊರೆ ಸುಮಾರು 1.30 ರೂಪಾಯಿ. ಡಿಪೋದಿಂದ ದೂರ ಇರುವ ಊರಿನವರು ತೆರಿಗೆಯನ್ನೂ ಹೆಚ್ಚು ಕಟ್ಟಬೇಕಾಗಿರುವುದು ನ್ಯಾಯವಲ್ಲ. ಮೆಕ್ಕೆಜೋಳ ಹೊತ್ತು ಹೆದ್ದಾರಿಯಲ್ಲಿ ಓಡುವ ಲಾರಿಗೆ ಒಮ್ಮೆಗೆ 300 ಲೀಟರ್ ಡೀಸೆಲ್ ಹಾಕಿಸುವಾಗ ಪೈಸೆಗಳೂ ನೂರಾರು ರೂಪಾಯಿ ಆಗುತ್ತವೆ.

ಒಂದೇ ಊರಿನ ಎರಡು ಬಂಕ್‌ಗಳಲ್ಲೂ ಕೆಲವು ಪೈಸೆ ವ್ಯತ್ಯಾಸ ಇರಬಹುದು. ದರ ಬದಲಾಗುವುದು ಬೆಳಿಗ್ಗೆ 6ಕ್ಕೆ.

ಅಳತೆಯ ಬಗ್ಗೆ ಅನುಮಾನವಿದ್ದರೆ ಬಂಕ್‌ನಲ್ಲಿರುವ ಮುದ್ರೆ ಹಾಕಿದ 5 ಲೀಟರ್ ಮಾಪನದಲ್ಲಿ ಹಿಡಿದು ತೋರಿಸಲು ಕೇಳಿ. ಕೊರತೆ 25 ಮಿಲಿಲೀಟರ್‌ಗಿಂತ ಹೆಚ್ಚಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.